ಬಿಸಿಯಲ್ಲಿ ಹತ್ತುತ್ತೆ, ಚಳಿಯಲ್ಲಿ ಹತ್ತಲ್ಲ: ಸ್ನೋಮೊಬೈಲ್ ಟ್ಯಾಪೆಟ್ ಹಿಡಿಯಲು ನಾನು ಮಾಡಿದ ನಾಲ್ಕು ಪ್ರಯೋಗ

ಮಿನೆಸೋಟದ ಇಂಟರ್‌ನ್ಯಾಷನಲ್ ಫಾಲ್ಸ್ ಊರಿಗೆ ‘ದೇಶದ ಐಸ್‌ಬಾಕ್ಸ್’ ಅಂತ ಅಡ್ಡಹೆಸರು. ಜನವರಿ ಬೆಳಗ್ಗೆ ಮೈನಸ್ 25 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಚಳಿಯಲ್ಲಿ ನನ್ನ ಹಳೇ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಸೆಲ್ಫ್ ಒತ್ತಿದರೆ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಒಮ್ಮೆ ಬಿಸಿಯಾಯಿತೋ, ಸಂಜೆವರೆಗೂ ಬೆರಳು ಸೋಕಿಸಿದರೆ ಸಾಕು.

ಗಾಡಿ ಮೂರು ಸಿಲಿಂಡರಿನ ನಾಲ್ಕು-ಸ್ಟ್ರೋಕ್. ಎರಡು-ಸ್ಟ್ರೋಕ್ ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು, ನಿಮಗೆ ಟ್ಯಾಪೆಟ್ ಗೊಡವೆಯೇ ಇಲ್ಲ. ಟ್ಯಾಪೆಟ್ ಅಂದರೆ ವಾಲ್ವಿಗೂ ಅದನ್ನು ಒತ್ತುವ ಕ್ಯಾಮ್ ದಂಡಕ್ಕೂ ನಡುವಿನ ಭಾಗ, ಅಲ್ಲಿ ಕೂದಲೆಳೆಯಷ್ಟು ಸಂದಿ ಇರಬೇಕು. ಪ್ಲಗ್ ಹೊಸದು, ಆಯಿಲ್ ಚಳಿಗೆ ಹೊಂದುವ 0ಡಬ್ಲ್ಯೂ-30. ಸೆಲ್ಫ್ ತಿರುಗುವಾಗ ಬ್ಯಾಟರಿ 10.4 ವೋಲ್ಟ್ ತೋರಿಸಿತು, 9.6ಕ್ಕಿಂತ ಕೆಳಗಿಳಿದರೆ ತಾನೇ ಅನುಮಾನ.

ಮೊದಲು ಹೀಟರ್ ಪ್ಯಾಡ್. ಎಂಜಿನ್ ಅಡಿಗೆ ಅಂಟಿಸಿ ಎರಡು ಗಂಟೆ ಕರೆಂಟ್ ಕೊಟ್ಟೆ, ಗಾಡಿ ಹತ್ತಿತು. ಖುಷಿಯಲ್ಲಿ ಒಂದು ತಿಂಗಳು ಹಾಗೇ ಓಡಿಸಿದೆ. ಜ್ವರಕ್ಕೆ ಮಾತ್ರೆ ನುಂಗಿ ಆಫೀಸಿಗೆ ಹೋದ ಹಾಗೆ.

ಆಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್. ಎಲ್ಲರೂ ಹೇಳುವುದು ಇದನ್ನೇ. ನನಗೆ ಮೋಸ ಮಾಡಿದ್ದೂ ಇದೇ. ಕೈ ಮರಗಟ್ಟುತ್ತದೆಂದು ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿಗೆ ತಂದು, ಥ್ರಾಟಲ್ ಪೂರ್ತಿ ತೆರೆದು ಅಳೆದೆ. ಮೂರೂ ಸಿಲಿಂಡರ್ ಹತ್ತಿರ ಹತ್ತಿರ. ಎಂಜಿನ್ ಚೆನ್ನಾಗಿದೆ ಅಂತ ತೀರ್ಮಾನಿಸಿ ಫ್ಯೂಯಲ್ ಪಂಪ್ ಹಿಂದೆ ಬಿದ್ದೆ. ಒಂದು ವಾರ ಹಾಳು.

ಸಾಗರದಲ್ಲಿ ಗ್ಯಾರೇಜ್ ನಡೆಸಿದ್ದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಸ್ನೋಮೊಬೈಲ್ ಕಂಡವರಲ್ಲ. “ಟ್ಯಾಪೆಟ್ ಸದ್ದು ಮಾಡ್ತದಾ?” ಅಂದರು. ಇಲ್ಲ, ತುಂಬಾ ನಯವಾಗಿದೆ ಅಂದೆ. “ಸದ್ದು ಮಾಡೋದಕ್ಕೆ ಹೆದರ್ಬೇಡ ಮಾರಾಯ, ಸುಮ್ನಿರೋದಕ್ಕೆ ಹೆದರು. ಬಿಚ್ಚಿ ನೋಡು.”

ಸದ್ದಿಲ್ಲ ಅಂದರೆ ಸಂದಿಯೇ ಮುಚ್ಚಿರಬಹುದು ಅಂತ ಅವರ ಅರ್ಥ. ನನಗೆ ಬಿಚ್ಚಲು ಸೋಮಾರಿತನ. ಅದಕ್ಕೇ ಪಕ್ಕದ ಮನೆಯವರ ಲೀಕ್‌ಡೌನ್ ಟೆಸ್ಟರ್ ತಂದೆ, ಈ ಸಲ ಚಳಿಯಲ್ಲೇ. ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತಂದು, ಪ್ಲಗ್ ತೂತಿನಿಂದ 100 ಪಿಎಸ್‌ಐ ಗಾಳಿ ಬಿಟ್ಟು, ಎಷ್ಟು ಸೋರುತ್ತದೆ ನೋಡುವುದು. ನಡುವಿನ ಸಿಲಿಂಡರಿನಲ್ಲಿ ಸುಮಾರು 40 ಪರ್ಸೆಂಟ್! ಕಿವಿಯಿಟ್ಟರೆ ಎಂಜಿನ್ನಿಗೆ ಗಾಳಿ ಬರುವ ಏರ್‌ಬಾಕ್ಸ್ ಕಡೆಯಿಂದ ಸುಯ್ಯೆಂಬ ಸದ್ದು, ಅಂದರೆ ಸೋರುವುದು ಇನ್‌ಟೇಕ್ ವಾಲ್ವ್. ಸೈಲೆನ್ಸರಿನಲ್ಲಿ ಬಂದಿದ್ದರೆ ಎಗ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದಿದ್ದರೆ ರಿಂಗು. ಅದೇ ಸಿಲಿಂಡರನ್ನು ಒಳಗೆ ತಂದು ಬೆಚ್ಚಗಾದ ಮೇಲೆ ನೋಡಿದರೆ ಹತ್ತರೊಳಗೆ.

ಕೊನೆಗೆ ಫೀಲರ್ ಗೇಜ್, ಸಂದಿ ಅಳೆಯುವ ತೆಳು ಲೋಹದ ಎಲೆಗಳ ಗೊಂಚಲು. ವಾಲ್ವ್ ಕವರ್ ತೆಗೆಯುವುದಕ್ಕೇ ಒಂದು ಸಂಜೆ ಹೋಯಿತು. ಎಂಜಿನ್ ರಾತ್ರಿಯಿಡೀ ಗ್ಯಾರೇಜಿನ 20 ಡಿಗ್ರಿಯಲ್ಲಿ ಇದ್ದಮೇಲೆ ಅಳತೆ. ನನ್ನ ಎಂಜಿನ್ನಿನ ಇನ್‌ಟೇಕ್ ವಾಲ್ವಿನ ಸಂದಿ 0.15ರಿಂದ 0.22 ಮಿ.ಮೀ. ಇರಬೇಕು. ಉಳಿದವೆಲ್ಲ ಸರಿ, ನಡುವಿನ ಒಂದರಲ್ಲಿ 0.05ರ ಎಲೆ ತೂರಲೇ ಇಲ್ಲ, 0.03ರದ್ದು ಬಿಗಿಯಾಗಿ ಎಳೆದುಕೊಂಡು ಹೋಯಿತು.

ಗುಟ್ಟು ಇಲ್ಲಿದೆ. ಕ್ಯಾಮ್, ವಾಲ್ವ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ; ವಾಲ್ವ್ ಉಕ್ಕು. ಚಳಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹೆಚ್ಚು ಕುಗ್ಗುತ್ತದೆ. 100 ಮಿ.ಮೀ. ಉದ್ದಕ್ಕೆ 45 ಡಿಗ್ರಿ ಇಳಿದರೆ ವ್ಯತ್ಯಾಸ ಹತ್ತಿರಹತ್ತಿರ 0.05. ಇದ್ದದ್ದೇ 0.03! ಹೊರಗೆ ನಿಂತಾಗ ಕ್ಯಾಮ್ ವಾಲ್ವನ್ನು ಒತ್ತಿ ಹಿಡಿದಿರುತ್ತಿತ್ತು, ಬೆಚ್ಚಗಾದರೆ ಬಿಡುತ್ತಿತ್ತು. ಗೇಜ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಜಾಗ ತಪ್ಪು.

ಸಂದಿ ಸರಿಮಾಡಲು ಅಲ್ಲಿ ಕೂರಿಸುವ ಪುಟ್ಟ ಲೋಹದ ಬಿಲ್ಲೆಯೇ ಶಿಮ್. ಅದರ ದಪ್ಪದ ಲೆಕ್ಕ ಸುಲಭ: ಹಳೇ ಶಿಮ್ 1.85, ಅದಕ್ಕೆ ಸಿಕ್ಕಿದ 0.03 ಕೂಡಿಸಿ, ಬೇಕಾದ 0.18 ಕಳೆದರೆ 1.70. ಹಾಕುವುದು ಸುಲಭವಲ್ಲ, ಕ್ಯಾಮ್ ಎತ್ತಬೇಕು, ಅದಕ್ಕೆ ಮುಂಚೆ ಟೈಮಿಂಗ್ ಗುರುತು ಹಾಕಿಕೊಳ್ಳಬೇಕು. ಚೈನ್ ಸಂದಿಗೆ ಹಳೇ ಬನಿಯನ್ ತುರುಕಿದ್ದೆ. ಮ್ಯಾಗ್ನೆಟ್ಟಿನಿಂದ ಜಾರಿದ ಶಿಮ್ ಅದರ ಮೇಲೆಯೇ ಬಿತ್ತು. ಇಲ್ಲದಿದ್ದರೆ ಎಂಜಿನ್ನನ್ನೇ ಇಳಿಸಬೇಕಾಗುತ್ತಿತ್ತೇನೋ.

ಒಂದನ್ನೇ ಕೊಳ್ಳುವುದಾದರೆ ನಾನು ಫೀಲರ್ ಗೇಜ್ ಅನ್ನುತ್ತೇನೆ. ಬಿಚ್ಚುವ ಮುಂಚೆ ಖಾತ್ರಿ ಬೇಕೆನ್ನುವವರು ಲೀಕ್‌ಡೌನ್ ಟೆಸ್ಟರನ್ನು ಸಾಲ ತನ್ನಿ, ಕಂಪ್ರೆಸರ್ ಇರುವವರಿಂದಲೇ ತನ್ನಿ, ಮತ್ತು ಪರೀಕ್ಷೆ ಹಿಮದಲ್ಲೇ ಮಾಡಿ. ಹೀಟರ್ ಪ್ಯಾಡ್ ಈಗಲೂ ಅಂಟಿಕೊಂಡೇ ಇದೆ. ಹೋದ ವಾರ ಮೈನಸ್ 27ರಲ್ಲಿ ಅದರ ವೈರ್ ಚುಚ್ಚದೆಯೇ ಎರಡನೇ ಸೆಲ್ಫಿಗೆ ಗಾಡಿ ಹತ್ತಿತು, ಟ್ಯಾಪೆಟ್ ಮೆಲ್ಲಗೆ ಟಕಟಕ ಅನ್ನುತ್ತಿತ್ತು.