ಮ್ಯಾಂಟಲ್ ಮೇಲೆ ಹಸಿ ಮಾಲೆಯೋ, ಪ್ಲಾಸ್ಟಿಕ್ ಮಾಲೆಯೋ?

ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಬಂತೆಂದರೆ ಫೈರ್‌ಪ್ಲೇಸ್ (ಗೋಡೆಯೊಳಗಿನ ಬೆಂಕಿಗೂಡು) ಮೇಲಿನ ಹಲಗೆಗೆ, ಅಂದರೆ ಮ್ಯಾಂಟಲ್‌ಗೆ, ಹಸಿರು ಮಾಲೆ ಬೇಕೇ ಬೇಕು. ನಮ್ಮ ಬಾಗಿಲಿಗೆ ತೋರಣ ಇದ್ದ ಹಾಗೆ.

ಹಸಿ ಮಾಲೆ ಅಂದರೆ ಸೀಡರ್, ಫರ್‌ನಂಥ ಮರಗಳ ಹಸಿ ಕೊಂಬೆಗಳಿಂದ ಕಟ್ಟಿದ್ದು. ಅದು ಗೆಲ್ಲುವುದು ಪರಿಮಳದಲ್ಲಿ. ಸೀಡರ್ ಚೆನ್ನಾಗಿ ಬಾಗಿ ಇಳಿಬೀಳುತ್ತದೆ. ಫ್ರೇಸರ್ ಫರ್‌ನ ಸೂಜಿ ಎಲೆಗಳು ಜಾಸ್ತಿ ದಿನ ಉಳಿಯುತ್ತವೆ. ಹೆಮ್‌ಲಾಕ್ ಮರದ್ದು ಮಾತ್ರ ಬೇಡ, ಬೇಗ ಉದುರಿ ನೆಲವೆಲ್ಲ ಕಸ. ಕೆಳಗೆ ಬೆಂಕಿ ಉರಿಯುತ್ತಿದ್ದರಂತೂ ಯಾವುದಾದರೂ ಬೇಗ ಒಣಗುತ್ತದೆ. ಒಂದು ಕಡ್ಡಿ ಬಗ್ಗಿಸಿ ನೋಡಿ. ಬಾಗಿದರೆ ಸರಿ, ಪಟ್ ಅಂತ ಮುರಿದರೆ ತೆಗೆದುಬಿಡಿ.

ಪ್ಲಾಸ್ಟಿಕ್ ಮಾಲೆ ಸಾಮಾನ್ಯವಾಗಿ 9 ಅಡಿ ಇರುತ್ತದೆ. ಒಳಗೆ ತಂತಿ ಇರುವುದರಿಂದ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ವರ್ಷ ವರ್ಷ ಬರುತ್ತದೆ. ಆದರೆ ಡಬ್ಬದಿಂದ ತೆಗೆದಾಗ ಚಪ್ಪಟೆ! ಕೊಂಬೆ ಒಂದೊಂದನ್ನೇ ಬಿಡಿಸಬೇಕು. ಬಿಸಿ ತಾಗಿದರೆ ಇದು ಕರಗುತ್ತದೆ, ಹಾಗಾಗಿ ಸುರಕ್ಷಿತ ಅಂದುಕೊಳ್ಳಬೇಡಿ.

ಫೈರ್‌ಪ್ಲೇಸ್ ಸುಮ್ನೆ ಅಂದಕ್ಕಿದ್ದರೆ ನನ್ನ ಓಟು ಹಸಿ ಮಾಲೆಗೇ. ದಿನಾ ಬೆಂಕಿ ಹಾಕುವವರು ಚಿಕ್ಕ ಪ್ಲಾಸ್ಟಿಕ್ ಮಾಲೆಯನ್ನು ಹಲಗೆ ಮೇಲೆ ಹಿಂದಕ್ಕೆ ಸರಿಸಿ ಇಡಿ, ಕೆಳಗೆ ಜೋತುಬೀಳದಿರಲಿ. ದೀಪಕ್ಕೆ ಎಲ್‌ಇಡಿ ಸರವೇ ಸಾಕು, ಬಿಸಿ ಕಡಿಮೆ. ಪರಿಮಳ ಬೇಕಲ್ವಾ? ಊಟದ ಮೇಜಿನ ಮೇಲೆ ಒಂದು ಲೋಟ ನೀರಿನಲ್ಲಿ ನಾಲ್ಕು ಸೀಡರ್ ಕಡ್ಡಿ ಇಡಿ.