ಡಕಾವ್ ನೋಡುವುದೋ, ಆಶ್‌ವಿಟ್ಜ್ ನೋಡುವುದೋ?

ಎರಡೂ ಹಿಟ್ಲರನ ನಾಜಿಗಳು ಜನರನ್ನು ಕೂಡಿಹಾಕಿ ಕೊಂದ ಶಿಬಿರಗಳು, ಈಗ ಸ್ಮಾರಕಗಳು. ಜರ್ಮನಿಯ ಮ್ಯೂನಿಕ್‌ನಲ್ಲಿದ್ದು ಕೈಯಲ್ಲಿ ಅರ್ಧ ದಿನ ಮಾತ್ರ ಇದ್ದರೆ ಯೋಚನೆಯೇ ಬೇಡ, ಡಕಾವ್‌ಗೆ ಹೋಗಿ. ಎಸ್2 ರೈಲು, ಆಮೇಲೆ 726ನೇ ಬಸ್ಸು, ಅಷ್ಟೆ. ಪ್ರವೇಶ ಉಚಿತ. ಪೋಲೆಂಡಿನ ಆಶ್‌ವಿಟ್ಜ್‌ಗೆ ಕ್ರಾಕೋವ್‌ನಿಂದ ಸುಮಾರು 70 ಕಿ.ಮೀ.; ಇಡೀ ದಿನ ಎತ್ತಿಡಬೇಕು, ಸಮಯವನ್ನು ಮೊದಲೇ ಕಾದಿರಿಸಬೇಕು. ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ.

ಆದರೆ ದೂರಕ್ಕಿಂತ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಡಕಾವ್ ಶುರುವಾದದ್ದು 1933ರ ಮಾರ್ಚ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬುವ ಮೊದಲು. ಮೊದಲು ತುಂಬಿದ್ದು ರಾಜಕೀಯ ವಿರೋಧಿಗಳನ್ನು. ಮುಂದಿನ ಶಿಬಿರಗಳಿಗೆ ಇದೇ ಮಾದರಿ. ಬ್ಯಾರಕ್‌ಗಳಲ್ಲಿ ಎರಡನ್ನು ಮಾತ್ರ ಮರುಕಟ್ಟಿದ್ದಾರೆ, ಉಳಿದವುಗಳ ತಳಪಾಯದ ಗುರುತಷ್ಟೇ ಇದೆ. ಹಾಗಾಗಿ ಇಲ್ಲಿ ನೋಡುವುದಕ್ಕಿಂತ ಓದುವುದು ಜಾಸ್ತಿ. ಇಂಥದ್ದೆಲ್ಲ ಹೇಗೆ ಶುರುವಾಗುತ್ತದೆ ಎಂದು ತಿಳಿಯಬೇಕಾದವರಿಗೆ ನನ್ನ ಮತ ಇದಕ್ಕೇ.

ಆಶ್‌ವಿಟ್ಜ್‌ನಲ್ಲಿ ಓದಲು ಮನಸ್ಸು ನಿಲ್ಲುವುದಿಲ್ಲ. ಗಾಜಿನ ಹಿಂದೆ ಚಪ್ಪಲಿ-ಬೂಟುಗಳ ರಾಶಿ, ಹೆಸರು ಬರೆದ ಸೂಟ್‌ಕೇಸುಗಳು, ಕತ್ತರಿಸಿದ ಕೂದಲು. ಕೂದಲಿನ ಕೋಣೆಯಲ್ಲಿ ಫೋಟೋ ತೆಗೆಯುವಂತಿಲ್ಲ. ತೆಗೆಯಬೇಕು ಅಂತ ಅನಿಸುವುದೂ ಇಲ್ಲ ಬಿಡಿ. ಇಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದರು, ಹತ್ತಿರಹತ್ತಿರ 10 ಲಕ್ಷ ಮಂದಿ ಯೆಹೂದಿಗಳು. ಸುಸ್ತಾಯಿತೆಂದು 3 ಕಿ.ಮೀ. ದೂರದ, ಇದೇ ಶಿಬಿರದ ಇನ್ನೊಂದು ಭಾಗವಾದ ಬಿರ್ಕೆನಾವ್ ಬಿಟ್ಟು ಬರಬೇಡಿ. ರೈಲು ಹಳಿ, ಶಿಬಿರ ನಡೆಸುತ್ತಿದ್ದ ನಾಜಿ ಪಡೆ ಎಸ್‌ಎಸ್‌ನವರೇ ಸ್ಫೋಟಿಸಿದ ಗ್ಯಾಸ್ ಚೇಂಬರ್‌ಗಳ ಅವಶೇಷ ಇರುವುದು ಅಲ್ಲೇ. ಎರಡರ ನಡುವೆ ಉಚಿತ ಬಸ್ಸಿದೆ.

ಮಕ್ಕಳು ಜೊತೆಗಿದ್ದರೆ? 14 ತುಂಬದವರನ್ನು ಕರೆತರಬೇಡಿ ಎಂದು ಆಶ್‌ವಿಟ್ಜ್ ಮ್ಯೂಸಿಯಂನವರೇ ಹೇಳುತ್ತಾರೆ.