ನೂರು ತುಂಡಿನ ವಾಚ್ ಟೂಲ್‌ಕಿಟ್: ಮೇಜಿಗೆ ಬರುವುದು ಯಾವುದು, ಚೀಲದಲ್ಲೇ ಉಳಿಯುವುದು ಯಾವುದು

ಮನೆಯಲ್ಲಿ ವಾಚ್ ರಿಪೇರಿ ಕಲಿಯಲು ಹೊರಟವರು ಮೊದಲು ಕೊಳ್ಳುವುದು ಜಿಪ್ ಚೀಲದಲ್ಲಿ ಬರುವ ನೂರು, ನೂರೈವತ್ತು ತುಂಡಿನ ಟೂಲ್‌ಕಿಟ್. ಮಾರುವ ಹೆಸರು ಹತ್ತಾರು, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಬಿಚ್ಚಿ ಎಣಿಸಿದರೆ ಆ ನೂರರಲ್ಲಿ ಬಹುಪಾಲು ಬೆಲ್ಟನ್ನು ವಾಚಿಗೆ ಸಿಕ್ಕಿಸುವ ಸ್ಪ್ರಿಂಗ್ ಬಾರ್‌ಗಳು, ಚೈನಿನ ಪಿನ್ನುಗಳು. ಬೆಲ್ಟು ಬದಲಿಸುವುದು, ಚೈನು ಚಿಕ್ಕದು ಮಾಡುವುದು, ಬ್ಯಾಟರಿ ಹಾಕುವುದು ಇಷ್ಟೇ ಕೆಲಸವಾದರೆ ಈ ಕಿಟ್ ಸಾಕು, ಧಾರಾಳವಾಗಿ ಕೊಳ್ಳಿ. ವಾಚಿನೊಳಗಿನ ಮಷೀನು ಬಿಚ್ಚುವ ಆಸೆಯಿದ್ದರೆ ಮಾತ್ರ ಲೆಕ್ಕವೇ ಬೇರೆ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಸ್ಪ್ರಿಂಗ್ ಬಾರ್ ತೆಗೆಯುವ ಕವಲು ತುದಿಯ ಕಡ್ಡಿ, ಪಿನ್ ಹೊಡೆಯುವ ಪುಟ್ಟ ಸುತ್ತಿಗೆ, ಕೇಸ್ ಹಿಡಿಯುವ ಪ್ಲಾಸ್ಟಿಕ್ ಹೋಲ್ಡರ್ ಇವೆಲ್ಲ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತವೆ. ಹಿಂಬದಿಯ ಮುಚ್ಚಳ ತಿರುಗಿಸುವ ಓಪನರ್ ಕೂಡ ನಡೆಯುತ್ತದೆ. ಆದರೆ ಅದರ ಹಲ್ಲುಗಳು ಸಡಿಲ. ಬಿಗಿಯಾದ ಮುಚ್ಚಳದ ಮೇಲೆ ಜಾರಿದರೆ ಅಳಿಸಲಾಗದ ಗೀರು ಗ್ಯಾರಂಟಿ. ಮೊದಲು ಅಂಟುವ ರಬ್ಬರ್ ಚೆಂಡನ್ನು ಒತ್ತಿ ತಿರುಗಿಸಿ ನೋಡಿ, ಅದಕ್ಕೆ ಬಗ್ಗದಿದ್ದರೆ ಮಾತ್ರ ಓಪನರ್ ಹಿಡಿಯಿರಿ.

ಈಗ ಸ್ಕ್ರೂಡ್ರೈವರ್. ಕಿಟ್ಟಿನ ದೊಡ್ಡ ಮೋಸ ಇರುವುದು ಇಲ್ಲಿ. ಬ್ಲೇಡಿನ ಉಕ್ಕು ಮೆದು, ತುದಿ ಒರಟು, ತಲೆಯ ಮೇಲಿನ ಗುಂಡಿ ಸರಾಗವಾಗಿ ತಿರುಗುವುದಿಲ್ಲ. ಬ್ಲೇಡಿನ ತುದಿಯನ್ನು ಐಗ್ಲಾಸಿನಲ್ಲಿ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ನೋಡಿ. ಎರಡು ಬದಿಯೂ ಸಮನಾಗಿ ಇಳಿದು ನೇರ ಗೆರೆಯಲ್ಲಿ ಮುಗಿಯುವ ಬದಲು, ಮೂಲೆ ಉರುಟಾಗಿ, ತುದಿ ಸೊಟ್ಟಗಾಗಿ ಕಾಣುತ್ತದೆ. ಇಂಥದ್ದು ತಿರುಪಿನ ಸೀಳಿನಲ್ಲಿ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದ ಕ್ಷಣ ಎಗರಿ ಬ್ರಿಡ್ಜಿನ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಮೇಲೆ ಗೀರು ಎಳೆಯುತ್ತದೆ, ಪಕ್ಕದಲ್ಲಿ ಅತ್ತಿತ್ತ ತೂಗುವ ಚಕ್ರ, ಅಂದರೆ ಬ್ಯಾಲೆನ್ಸ್ ಇದ್ದರೆ ಅದರ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೇ ಹೋಗಿ ಬಡಿಯುತ್ತದೆ.

ಬಿಡಿಯಾಗಿ ಐದು ಅಳತೆ ಕೊಂಡರೆ ಸಾಕು: 0.80, 1.00, 1.20, 1.40, 1.60 ಮಿಲಿಮೀಟರ್. ಬರ್ಜಾನ್ ಕಂಪನಿಯದಾದರೆ ಬಣ್ಣದಲ್ಲೇ ಗುರುತು ಸಿಗುತ್ತದೆ, ಕ್ರಮವಾಗಿ ಹಳದಿ, ಕಪ್ಪು, ಕೆಂಪು, ಬೂದು, ನೇರಳೆ. ಬೇರೆ ಕೆಲವು ತಯಾರಕರೂ ಇದೇ ಬಣ್ಣಗಳನ್ನು ಬಳಸುತ್ತಾರೆ. ಬದಲಿ ಬ್ಲೇಡ್ ಬಿಡಿಯಾಗಿ ಸಿಗುವಂಥದ್ದನ್ನೇ ಆರಿಸಿ. ಎಷ್ಟೇ ಒಳ್ಳೆಯ ಬ್ಲೇಡಾದರೂ ಮಸೆಯದೆ ಬಳಸಬೇಡಿ. ತುದಿ ತೀರಾ ತೆಳುವಾದರೆ ಸೀಳಿನೊಳಗೆ ಅಲ್ಲಾಡಿ ಅಂಚನ್ನು ಕಚ್ಚುತ್ತದೆ. ತೀರಾ ದಪ್ಪವಾದರೆ ಸೀಳಿನ ಬಾಯಲ್ಲೇ ನಿಂತು ಜಾರುತ್ತದೆ. ನುಣುಪು ಮಸೆಗಲ್ಲಿನ ಮೇಲೆ ಒಂದೊಂದು ಬದಿಗೆ ಎಣಿಸಿ ಅಷ್ಟಷ್ಟೇ ಸಲ ಉಜ್ಜಿ, ಕೊನೆಗೆ ತುದಿಯನ್ನು ಕಲ್ಲಿಗೆ ನೆಟ್ಟಗೆ ಹಿಡಿದು ಒಂದೆರಡು ಸಲ ಎಳೆಯಿರಿ. ಅಗಲವೂ ಮುಖ್ಯ. ಬ್ಲೇಡು ತಿರುಪಿನ ತಲೆಗಿಂತ ಕೂದಲೆಳೆಯಷ್ಟು ಕಿರಿದಾಗಿರಬೇಕು, ಆಚೆ ಚಾಚಿದರೆ ತಿರುಪು ಕೂರುವ ಗುಳಿಯ ಗೋಡೆ ಕೆರೆದುಹೋಗುತ್ತದೆ.

ಚಿಮಟದ ಕತೆಯೂ ಇದೇ. ಕಿಟ್ಟಿನ ಚಿಮಟವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಒತ್ತಿ. ತುದಿಗಳು ಮೊದಲು ಕೂಡಬೇಕು, ಒತ್ತುತ್ತ ಹೋದಂತೆ ಹಿಂದಿನ ಸಂದು ಮುಚ್ಚಿಕೊಳ್ಳಬೇಕು. ಅಗ್ಗದ್ದರಲ್ಲಿ ತುದಿ ಒಂದರ ಪಕ್ಕ ಒಂದು ಜಾರುತ್ತದೆ, ಇಲ್ಲವೇ ಸ್ವಲ್ಪ ಜೋರಾಗಿ ಒತ್ತಿದರೆ ತುದಿಯೇ ಬಾಯಿ ಬಿಡುತ್ತದೆ. ಕ್ಲಿಕ್ಕಿನ (ಕೀಲಿ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಪುಟ್ಟ ಸ್ಪ್ರಿಂಗು ಎಗರಿ ಕೋಣೆಯ ಮೂಲೆ ಸೇರುವುದು ಹೀಗೇ. ಸಾಲದ್ದಕ್ಕೆ ಅವು ಅಯಸ್ಕಾಂತವಾಗುತ್ತವೆ, ಹಿಡಿದ ತಿರುಪು ಬಿಡುವುದೇ ಇಲ್ಲ. ದ್ಯುಮಾಂ ಕಂಪನಿಯ 3 ನಂಬರ್ ಚಿಮಟ, ಅಯಸ್ಕಾಂತಕ್ಕೆ ಒಗ್ಗದ ಲೋಹದ್ದು, ದಿನದ ಕೆಲಸಕ್ಕೆ ಸರಿ. ಮೊನಚಾದ 5 ನಂಬರ್ ಹೇರ್‌ಸ್ಪ್ರಿಂಗಿಗಷ್ಟೇ ಮೀಸಲು, ಅದರಲ್ಲಿ ತಿರುಪು ಹಿಡಿದರೆ ತುದಿ ಬಾಗುತ್ತದೆ. ಚಕ್ರ, ಬ್ರಿಡ್ಜು ಎತ್ತಲು ಹಿತ್ತಾಳೆಯದೊಂದು ಇರಲಿ, ಗೀರು ಬೀಳುವುದಿಲ್ಲ. ಗಾಜಿನ ಮೇಲಿಂದ ಒಂದು ತಲೆಗೂದಲನ್ನು ಎತ್ತಲು ಬಂದರೆ ಚಿಮಟ ಚೆನ್ನಾಗಿದೆ ಎಂದರ್ಥ.

ಐಗ್ಲಾಸ್ ಎರಡು ಬೇಕು. 4 ಪಟ್ಟಿನದು ಸುಮಾರು ಆರೂವರೆ ಸೆಂಟಿಮೀಟರ್ ದೂರದಿಂದ ಸ್ಪಷ್ಟವಾಗಿ ಕಾಣಿಸುತ್ತದೆ, ಮಧ್ಯೆ ಚಿಮಟ, ಸ್ಕ್ರೂಡ್ರೈವರ್ ಆಡಿಸಲು ಜಾಗ ಇರುತ್ತದೆ. 10 ಪಟ್ಟಿನದನ್ನು ಎರಡೂವರೆ ಸೆಂಟಿಮೀಟರ್ ಹತ್ತಿರ ಹಿಡಿಯಬೇಕು, ಅದು ಪಿವಟ್ಟು (ಚಕ್ರದ ಅಚ್ಚಿನ ತುದಿ), ಎಣ್ಣೆ ಪರೀಕ್ಷಿಸಲು ಮಾತ್ರ. ಕಿಟ್ಟಿನ ಪ್ಲಾಸ್ಟಿಕ್ ಲೆನ್ಸ್ ಅಂಚಿನಲ್ಲಿ ಮಸುಕು, ಅರ್ಧ ಗಂಟೆಯಲ್ಲಿ ಕಣ್ಣು ನೋಯುತ್ತದೆ.

ಕಿಟ್ಟಿನಲ್ಲಿ ಬರದೇ ಇರುವುದು ಮೇಜು! ಊಟದ ಮೇಜಿನ ಮೇಲೆ ಕೆಲಸ ಮಾಡಿದರೆ ಬೆನ್ನು ಬಾಗಿಸಿ ಕೂರಬೇಕು, ಕೈ ಗಾಳಿಯಲ್ಲಿ ನಿಂತು ನಡುಗುತ್ತದೆ. ವಾಚ್ ಮೇಜು ನೆಲದಿಂದ 90ರಿಂದ 100 ಸೆಂಟಿಮೀಟರ್ ಎತ್ತರ ಇರುವುದು ಇದಕ್ಕೇ. ಕುರ್ಚಿ ಮಾಮೂಲಿ ಎತ್ತರದ್ದು, ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳು ಪೂರ್ತಿ ಮೇಜಿನ ಮೇಲೆ, ಮಷೀನು ಎದೆಯ ಮಟ್ಟದಲ್ಲಿ. ಹೊಸ ಮೇಜು ಬೇಡ, ಇರುವುದರ ಮೇಲೆ 15, 20 ಸೆಂಟಿಮೀಟರಿನ ಗಟ್ಟಿ ಪೆಟ್ಟಿಗೆ ಇಟ್ಟು ಅಲ್ಲಾಡದಂತೆ ಬಿಗಿದರೂ ಸಾಕು. ಮುಂದಿನ ಅಂಚಿಗೆ ಸಣ್ಣ ಪಟ್ಟಿ ಹೊಡೆಯಿರಿ, ಉರುಳಿದ ತಿರುಪು ಅಲ್ಲೇ ನಿಲ್ಲುತ್ತದೆ. ಮೇಲೆ ತಿಳಿ ಬಣ್ಣದ ಮೆತ್ತನೆ ಹಾಸು, ಪಕ್ಕದಲ್ಲಿ ಕೈ ಬಗ್ಗುವ ಎಲ್‌ಇಡಿ ದೀಪ, ಮುಚ್ಚಳವಿರುವ ಖಾನೆಯ ಟ್ರೇ.

ಮಷೀನು ಹೋಲ್ಡರ್ ಲೋಹದ್ದೇ ಇರಲಿ. ಬರ್ಜಾನ್ 4040 ಎರಡೂ ಮಗ್ಗುಲಲ್ಲಿ ಬಳಸಲು ಬರುತ್ತದೆ, ಭಾರವಿರುವುದರಿಂದ ಕದಲುವುದಿಲ್ಲ.

ಕೈ ಪಳಗಿಸಲು 6497 ಮಾದರಿಯ ಕೀಲಿ ಕೊಡುವ ಮಷೀನು ಬಹಳ ಒಳ್ಳೆಯದು. 36.6 ಮಿಲಿಮೀಟರ್ ಅಗಲ, ದೊಡ್ಡ ಪಾರ್ಟುಗಳು, ಆಟೋಮ್ಯಾಟಿಕ್ ರಗಳೆಯಿಲ್ಲ. ಬಿಚ್ಚುವ ಮುಂಚೆ ಕೀಲಿ ಇಳಿಸಲೇಬೇಕು. ಕ್ರೌನ್ (ಕೀಲಿ ಕೊಡುವ ಗುಂಡಿ) ಬಿಗಿಯಾಗಿ ಹಿಡಿದು, ಕ್ಲಿಕ್ಕನ್ನು ಪಕ್ಕಕ್ಕೆ ಸರಿಸಿ, ಕ್ರೌನನ್ನು ಬೆರಳ ನಡುವೆ ನಿಧಾನವಾಗಿ ತಿರುಗಲು ಬಿಡಿ. ಕೀಲಿ ತುಂಬಿರುವಾಗಲೇ ಪ್ಯಾಲೆಟ್ ಫೋರ್ಕ್ (ಚಕ್ರಗಳನ್ನು ತಡೆದು ತಡೆದು ಬಿಡುವ ಕವಲು) ಎತ್ತಿದರೆ ಚಕ್ರಗಳು ಒಮ್ಮೆಗೇ ಹುಚ್ಚಾಪಟ್ಟೆ ತಿರುಗಿ ಪಿವಟ್ ಮುರಿಯುವ ಅಪಾಯ ಇದೆ.

ಇನ್ನು ಎಣ್ಣೆ. ಕೆಲವು ಕಿಟ್ಟುಗಳಲ್ಲಿ ಹೆಸರಿಲ್ಲದ ಒಂದು ಶೀಶೆ ಬರುತ್ತದೆ, ಅದನ್ನು ಮಷೀನಿನ ಹತ್ತಿರವೂ ತರಬೇಡಿ. ಮೆಲ್ಲಗೆ ತಿರುಗಿ ಭಾರ ಹೊರುವ ಕಡೆ ತೆಳು ಎಣ್ಣೆ ಹಿಂಡಿಹೋಗುತ್ತದೆ, ಬೇಗ ಆಡುವ ಹಗುರ ಪಾರ್ಟಿಗೆ ಗಟ್ಟಿ ಎಣ್ಣೆ ಹೊರೆಯಾಗುತ್ತದೆ. ಹಾಗಾಗಿ ಒಂದೇ ಎಣ್ಣೆ ಎಲ್ಲಕ್ಕೂ ಆಗದು. ಮೋಬಿಯಸ್ ಕಂಪನಿಯ 9010 ಬ್ಯಾಲೆನ್ಸ್ ಮತ್ತು ವೇಗದ ಚಕ್ರಗಳಿಗೆ, ಡಿ5 ಅಥವಾ ಎಚ್‌ಪಿ 1300 ನಿಧಾನವಾಗಿ ತಿರುಗುವ ಸೆಂಟರ್ ವೀಲಿಗೆ, 9415 ಪ್ಯಾಲೆಟ್ ಫೋರ್ಕಿನ ಕಲ್ಲಿಗೆ, 8200 ಕೀಲಿ ಹಿಡಿದಿಡುವ ಮೇನ್‌ಸ್ಪ್ರಿಂಗಿಗೆ. ಪ್ಯಾಲೆಟ್ ಫೋರ್ಕಿನ ಪಿವಟ್ಟಿಗೆ ಎಣ್ಣೆ ಹಾಕುವುದಿಲ್ಲ. ಜ್ಯುವೆಲ್ಲಿನ (ಪಿವಟ್ ಕೂರುವ ಕಲ್ಲು) ಗುಳಿ ಅರ್ಧದಷ್ಟು ತುಂಬಿದರೆ ಬೇಕಾದಷ್ಟಾಯಿತು. ತುಳುಕಿದರೆ ಎಣ್ಣೆ ಹರಡಿ, ಇರಬೇಕಾದ ಜಾಗದಿಂದಲೇ ಹೊರಟುಹೋಗುತ್ತದೆ.

ಎಣ್ಣೆಗೆ ಮುಂಚೆ ತೊಳೆಯುವ ಕೆಲಸ ಮುಗಿದಿರಬೇಕು. ಲೈಟರಿಗೆ ಹಾಕುವ ನಾಫ್ತಾ ಸಾಕು, ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಜ್ಯುವೆಲ್ ರಂಧ್ರಗಳನ್ನು ಚೂಪು ಮಾಡಿದ ಪೆಗ್‌ವುಡ್ ಎಂಬ ಮರದ ಕಡ್ಡಿಯಿಂದ, ಕಡ್ಡಿ ಬಿಳಿಯಾಗಿಯೇ ಹೊರಬರುವವರೆಗೆ ತಿರುಗಿಸಿ. ಪ್ಯಾಲೆಟ್ ಫೋರ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಹಾಕಬೇಡಿ, ಕಲ್ಲು ಹಿಡಿದಿರುವ ಅರಗು ಕರಗುತ್ತದೆ.

ಅಯಸ್ಕಾಂತತ್ವ ತೆಗೆಯುವ ಡಿಮ್ಯಾಗ್ನಟೈಸರ್ ಅಗ್ಗದ್ದೇ ಸಾಕು. ಗುಂಡಿ ಒತ್ತಿಕೊಂಡೇ ವಾಚನ್ನು ನಿಧಾನವಾಗಿ ತೋಳುದ್ದ ದೂರ ಎಳೆದು ಆಮೇಲೆ ಗುಂಡಿ ಬಿಡಿ. ಹತ್ತಿರವೇ ಬಿಟ್ಟರೆ ಅಯಸ್ಕಾಂತತ್ವ ಉಳಿದುಬಿಡುತ್ತದೆ.

ವಾಚಿನ ಟಿಕ್‌ಟಿಕ್ ಕೇಳಿ ಅದರ ನಡೆ ಅಳೆಯುವ ಟೈಮ್‌ಗ್ರಾಫರ್ ಮೊದಲ ದಿನಕ್ಕೆ ಬೇಡ, ಮೊದಲ ಮಷೀನು ಜೋಡಿಸಿದ ಮೇಲೆ ಕೊಳ್ಳಿ. ವೈಶಿ 1000 ಈ ಕೆಲಸಕ್ಕೆ ತಕ್ಕದ್ದು. ಆದರೆ ಲಿಫ್ಟ್ ಆಂಗಲ್, ಅಂದರೆ ಪ್ಯಾಲೆಟ್ ಫೋರ್ಕಿಗೆ ತಾಗಿಕೊಂಡಿರುವಾಗ ಬ್ಯಾಲೆನ್ಸ್ ತಿರುಗುವ ಕೋನ, ನಾವೇ ಹಾಕಬೇಕು. ಯಂತ್ರ 52 ಡಿಗ್ರಿ ಇಟ್ಟುಕೊಂಡಿರುತ್ತದೆ, ಆದರೆ ಇಟಿಎ 6497-1 ಮಷೀನಿಗೆ 44 ಬೇಕು, ಇಟಿಎ 2824-2ಕ್ಕೆ 50, ಸೀಕೊ ಎನ್‌ಎಚ್‌35ಕ್ಕೆ 53. ಇದನ್ನು ಮರೆತು 6497-1 ಅನ್ನು 52ರಲ್ಲೇ ಅಳೆದರೆ, ನಿಜಕ್ಕೂ 230 ಡಿಗ್ರಿ ತೂಗುತ್ತಿರುವ ಬ್ಯಾಲೆನ್ಸು ಪರದೆಯ ಮೇಲೆ ಸುಮಾರು 270 ತೋರಿಸುತ್ತದೆ. ಇನ್ನೊಮ್ಮೆ ಬಿಚ್ಚಿ ತೊಳೆಯಬೇಕಾದ ಮಷೀನು ಆಗ ಸರಿಯಾಗಿದೆಯೆಂದು ಕೇಸ್ ಸೇರಿಬಿಡುತ್ತದೆ.